ಪಡಸಾಲೆಯ ಮೇಲ್ಮನೆ

ಪಡಸಾಲೆಯಲ್ಲಿ ಜಮಖಾನ ಹಾಸಿದರೆಂದರೆ ನಾನು ಚಹಾಕ್ಕೆ ನೀರಿಡಬೇಕು ಎಂಬುದು ಮದುವೆಯಾಗಿ ಬಂದ ವಾರದಲ್ಲೇ ನನಗೆ ತಿಳಿದುಹೋಗಿತ್ತು. ಅಲ್ಲಿ ನಮ್ಮ ಮಾವ ಮತ್ತು ಐದಾರು ಹಿರಿಯರು ಕೂತು ಆಡಿದ್ದೇ ಊರಿನ ತೀರ್ಮಾನ. ರಾಣೆಬೆನ್ನೂರು ತಾಲ್ಲೂಕಿನ ಆ ಊರಿನಿಂದ ನಾನು ದಿನವೂ ಎರಡು ಬಸ್ಸು ಹಿಡಿದು ಬ್ಯಾಡಗಿಯ ಕಾಲೇಜಿಗೆ ರಾಜ್ಯಶಾಸ್ತ್ರ ಕಲಿಸಲು ಹೋಗುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲವದು.

ಒಂದು ವಾರ ನನ್ನ ಪಾಠ ಇಂಗ್ಲೆಂಡಿನ ಸಂಸತ್ತಿನ ಮೇಲ್ಮನೆ ಹುಟ್ಟಿದ ಬಗೆ. ಮಧ್ಯಯುಗದ ಅರಸರು ದೊಡ್ಡ ಒಡೆಯರಿಗೂ ಬಿಷಪ್ಪರಿಗೂ ಹೆಸರು ಹಿಡಿದು ಓಲೆ ಕಳಿಸುತ್ತಿದ್ದರು: ಬನ್ನಿ, ಸಲಹೆ ಕೊಡಿ. ಅಪ್ಪನಿಗೆ ಬಂದ ಓಲೆ ಮಗನಿಗೂ ಬಂತು, ಮೊಮ್ಮಗನಿಗೂ ಬಂತು. ಕರೆ ರೂಢಿಯಾಯಿತು, ರೂಢಿ ಹಕ್ಕಾಯಿತು. ಊರು ಪೇಟೆಗಳ ಪ್ರತಿನಿಧಿಗಳು ಮಾತ್ರ ಆ ಕೂತವರೆದುರು ಕಟಕಟೆಯ ಆಚೆ ನಿಲ್ಲಬೇಕಿತ್ತು. ಉಣ್ಣೆಯೇ ದೇಶದ ಸಂಪತ್ತೆಂದು ಅಲ್ಲಿ ಅದನ್ನು ತುಂಬಿದ ಮೂಟೆಯನ್ನೇ ಪೀಠ ಮಾಡಿದ್ದರಂತೆ ಎಂದಾಗ ಒಬ್ಬ ಹುಡುಗಿ, "ನಮ್ಮ ಬ್ಯಾಡಗ್ಯಾಗಾದ್ರ ಮೆಣಸಿನಕಾಯಿ ಚೀಲ ಹಾಕಬೇಕ್ರಿ ಮೇಡಂ, ಯಾರೂ ಭಾಳೊತ್ತು ಕುಂದ್ರಂಗಿಲ್ಲ" ಎಂದಳು. ಎಲ್ಲರೊಡನೆ ನಾನೂ ನಕ್ಕೆ.

ನಗು ಭಾನುವಾರದವರೆಗೆ ಉಳಿಯಲಿಲ್ಲ. ಅಂದು ಬೆಳಿಗ್ಗೆ ಹಸೀನಾಬಿಯನ್ನು ಮನೆಗೆ ಕರೆಸಿದ್ದರು. ಹೊಸದಾಗಿ ಗೆದ್ದ ಪಂಚಾಯ್ತಿ ಸದಸ್ಯೆ. ಉರ್ದು ಬಲ್ಲವಳು, ಕನ್ನಡ ಆಡಬಲ್ಲಳೇ ಹೊರತು ಓದಲು ಬಾರದು. ಹಿರಿಯರು ಜಮಖಾನದ ಮೇಲೆ, ಅವಳು ಕಂಬದ ಪಕ್ಕ ನಿಂತು.

"ಇಲ್ಲೊಂದು ಸಹಿ ಮಾಡವಾ" ಎಂದು ಮಾವ ಹಾಳೆ ಚಾಚಿದರು.

"ಏನ್ ಬರದೀರಿ ಗೌಡ್ರ? ಓದಿ ಹೇಳ್ರಿ."

"ನಾವೆಲ್ಲಾ ನೋಡೇವಿ. ಸಾಕು."

"ಮಂದಿ ಆರಿಸಿ ಕಳ್ಸಿದ್ದು ನನ್ನ ಅಲ್ರಿ?"

ಒಬ್ಬರು ಕೆಮ್ಮಿದರು. ಅವಳು ಚಹಾದ ತಾಟು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದಳು. "ಮೇಡಂನೋರ, ನೀವರ ಓದ್ರಿ."

"ನೀ ಒಳಗ ಹೋಗವಾ" ಎಂದರು ಮಾವ, ನನ್ನತ್ತ ನೋಡದೆ.

ಮಾವ ಕೆಟ್ಟವರಲ್ಲ. ನೀರಿಲ್ಲದ ಬೇಸಿಗೆಯಲ್ಲಿ ತಮ್ಮ ಬಾವಿಯನ್ನು ಊರಿಗೆಲ್ಲ ಬಿಟ್ಟುಕೊಟ್ಟವರು. ಎಷ್ಟೋ ಜಗಳಗಳನ್ನು ಕೋರ್ಟು ಹತ್ತದಂತೆ ತಡೆದವರು. ಅವರನ್ನು ಯಾರೂ ಆರಿಸಿರಲಿಲ್ಲ, ಅಷ್ಟೇ. ಅವರಪ್ಪ ಅಲ್ಲಿ ಕೂತಿದ್ದರು, ಆದ್ದರಿಂದ ಇವರೂ ಕೂತಿದ್ದರು. ನನ್ನ ಕಾಲು ಅಡುಗೆಮನೆಯ ಕಡೆ ಎಳೆಯುತ್ತಿತ್ತು. ಆದರೆ ಮರುದಿನ ಅದೇ ತರಗತಿಯಲ್ಲಿ ನಿಂತು ಆ ಪಾಠ ಮುಂದುವರಿಸಲು ನನಗೆ ಯಾವ ಬಾಯಿ ಇರುತ್ತಿತ್ತು, ನೀವೇ ಹೇಳಿ. ತಾಟು ಕೆಳಗಿಟ್ಟು ಹಾಳೆ ತೆಗೆದುಕೊಂಡು ಓದಿದೆ. ಹಸೀನಾಬಿಯ ಓಣಿಗೆ ಮಂಜೂರಾಗಿದ್ದ ನೀರಿನ ಟ್ಯಾಂಕನ್ನು ನಮ್ಮ ಓಣಿಗೆ ಒಯ್ಯುವ ಠರಾವು ಅದು.

"ಇದಕ್ಕ ನಾ ಸಹಿ ಮಾಡಂಗಿಲ್ರಿ" ಎಂದಳು ಅವಳು, ಮೆಲ್ಲಗೆ. ಸೆರಗು ಸರಿಪಡಿಸಿಕೊಂಡು ಮೆಟ್ಟಿಲಿಳಿದು ಹೋದಳು. ಯಾರೂ ಚಹಾ ಮುಟ್ಟಲಿಲ್ಲ.

ಹಾವೇರಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಸಂಗತಿ ಕೇಳಿ, "ನೀ ಓದಿದ್ದು ತಪ್ಪಂತ ಹೇಳಂಗಿಲ್ಲ. ಆದ್ರ ಅಪ್ಪನ ಮುಂದ ಹೆಂಗ ಇರ್ತಿ?" ಎಂದರು. ಹೇಗೋ ಇದ್ದೆ. ಮಾವ ನನ್ನೊಡನೆ ಮಾತು ಬಿಟ್ಟರು. ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು, ಬಡಿಸಿದ್ದಷ್ಟು ಉಂಡು ಏಳುತ್ತಿದ್ದರು. ಆ ಮೌನದಲ್ಲಿ ಸಾರಿನ ಬಟ್ಟಲು ಕೆಳಗಿಡುವ ಸದ್ದಿಗೂ ನಾನು ಬೆಚ್ಚುತ್ತಿದ್ದೆ. ಪಂಚಾಯ್ತಿ ಸಭೆಯಲ್ಲಿ ಇನ್ನಿಬ್ಬರು ಸದಸ್ಯೆಯರು ಠರಾವಿನ ವಿರುದ್ಧ ಹಸೀನಾಬಿಯ ಜತೆ ಕೈಯೆತ್ತಿದರು. ಟ್ಯಾಂಕು ಅವಳ ಓಣಿಯಲ್ಲೇ ಎದ್ದಿತು.

ಮಳೆಗಾಲ ಹತ್ತಿರವಾದಾಗ ಒಂದು ಮುಂಜಾನೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇವತ್ತ ಅವರ ಮೀಟಿಂಗ್‌ನಾಗ ರಸ್ತೆ ಮಾತು ಬರ್ತದಂತ. ಹಳ್ಳದ ಕಡೆ ಮಣ್ಣು ಕುಸೀತದ, ಮೊದಲ ಕಲ್ಲು ಕಟ್ಟಿಸ್ರಿ ಅಂತ ಹಸೀನಾಬಿಗೆ ಹೇಳು. ಕೇಳೋದು ಬಿಡೋದು ಅವರಿಗೆ ಸೇರಿದ್ದು."

ಮೇಲ್ಮನೆ ಹುಟ್ಟಿದ್ದೇ ಸಲಹೆಗಾಗಿ. ನಡುವೆ ಎಷ್ಟೋ ತಲೆಮಾರು ಅದು ಅಪ್ಪಣೆಯಾಗಿ ಮೆರೆದು, ಕೊನೆಗೆ ಮತ್ತೆ ಸಲಹೆಯಾಗಲು ಆ ದೇಶಕ್ಕೆ ಶತಮಾನಗಳು ಬೇಕಾದವು. ನನ್ನ ಕಣ್ಣು ತುಂಬಿತು.

"ನೀವ ಹೋಗಿ ಹೇಳ್ರಿ ಮಾವಾರ" ಎಂದೆ.

ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಸದಸ್ಯರು ಒಳಗೆ ಕರೆಯುವವರೆಗೂ ಪಂಚಾಯ್ತಿಯ ಹೊರಗಿನ ಬೆಂಚಿನ ಮೇಲೆ, ಅರ್ಜಿ ಹಿಡಿದು ಬಂದವರ ನಡುವೆ, ಒಂದು ತಾಸು ಸುಮ್ಮನೆ ಕಾದು ಕೂತಿದ್ದರಂತೆ.