ಎದುರು ಪಕ್ಷ ಮೊದಲು

ಮೊನ್ನೆ ದೊಡ್ಡಬಳ್ಳಾಪುರದ ಹೋಟೆಲೊಂದರಲ್ಲಿ ದೋಸೆ ಆಯಿತೆಂದು ಭಟ್ಟರು ಮೇಜಿನ ಗಂಟೆ ಒತ್ತಿದರು. ಟಿಣ್! ಗೆಳೆಯನೊಡನೆ ಜೋರಾಗಿ ವಾದಿಸುತ್ತಿದ್ದ ನಾನು ಅರ್ಧ ವಾಕ್ಯಕ್ಕೇ ಬಾಯಿ ಮುಚ್ಚಿಬಿಟ್ಟೆ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಡಂ ಅಂಟಿಸಿದ ಅಭ್ಯಾಸ ಅದು.

ಎದುರು ಪಕ್ಷ ಮೊದಲು ಎಂಬುದು ಅವರ ನಿಯಮ. ನಮ್ಮ ವಾದ ಶುರುಮಾಡುವ ಮುನ್ನ ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ಚೆನ್ನಾಗಿ ಹೇಳಬೇಕು. ತಪ್ಪಿದರೆ ಮೇಜಿನ ಮೇಲಿನ ಗಂಟೆ ಒತ್ತುತ್ತಿದ್ದರು, ಅಲ್ಲಿಗೇ ಬಾಯಿ ಮುಚ್ಚಬೇಕು. ಹಿಂದಿನ ಬೀದಿಯ ಮಗ್ಗಗಳ ಸದ್ದನ್ನೂ ಮೀರಿ ಕೊನೆಯ ಬೆಂಚು ಮುಟ್ಟುತ್ತಿದ್ದ ಕಂಠ ಅವರದು...

ನಾನು ಹತ್ತನೇ ತರಗತಿಯಲ್ಲಿದ್ದಾಗ ಅವರ ಕೈಯಿಂದ ಸೀಮೆಸುಣ್ಣ ಜಾರತೊಡಗಿತು. ಕತ್ತಿನಲ್ಲಿ ಬೆನ್ನುಹುರಿ ಒತ್ತಿಕೊಂಡಿತ್ತು. ಹಾಗೇ ಬಿಟ್ಟರೆ ನಡೆಯುವುದೂ ಕಷ್ಟವಾಗುತ್ತಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕೈಗೆ ಬಲ ಬಂತು, ದನಿ ಹೋಯಿತು. ಕತ್ತಿನ ಮುಂಭಾಗದಿಂದ ಮೂಳೆ ತಲುಪುವಾಗ ದನಿಯ ನರಕ್ಕೆ ಪೆಟ್ಟಾಗುವುದುಂಟಂತೆ. ಬಹುತೇಕರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಹೋಗದಿರುವುದು ಅಪರೂಪ. ಆ ಅಪರೂಪ ನಮ್ಮ ಮೇಡಂ ಪಾಲಿಗೆ ಬಂತು. ಉಳಿದದ್ದು ಪಿಸುಮಾತು.

ಮೇಡಂ ಮನೆಗೆ ನೋಡಲು ಹೋದಾಗ ಪಕ್ಕದ ಮನೆಯಾಕೆ ಅಲ್ಲೇ ಕೂತಿದ್ದರು. "ಕಣ್ ಬಿದ್ದೈತೆ ಕಣಮ್ಮ. ಹೊತ್ತುಗೊತ್ತಿಲ್ದೆ ವಾದ ಮಾಡಿದ್ರೆ ಇನ್ನೇನಾಗುತ್ತೆ?"

ನಾನು ಉರಿದುಬಿದ್ದೆ. "ಕಣ್ಣೂ ಇಲ್ಲ, ಮಣ್ಣೂ ಇಲ್ಲ ಆಂಟಿ. ಡಾಕ್ಟರ್ ತಪ್ಪು. ಕೇಸ್ ಹಾಕಿ ಮೇಡಂ, ಬಿಡ್ಬೇಡಿ!"

ಟಿಣ್. ಗಂಟೆ ಮೇಡಂ ದಿಂಬಿನ ಪಕ್ಕದಲ್ಲೇ ಇತ್ತು!

"ಎದುರು ಪಕ್ಷ ಮೊದ್ಲು," ಎಂದರು, ಉಸಿರಿನಲ್ಲೇ.

ಡಾಕ್ಟರ ಪರ ನಿಂತೆ. ಹೀಗಾಗಬಹುದೆಂದು ಅವರು ಮೊದಲೇ ಹೇಳಿದ್ದರು. ಆಪರೇಷನ್ ಮಾಡದಿದ್ದರೆ ಕೈ ಹೋಗುತ್ತಿತ್ತು. ಕೆಟ್ಟದ್ದು ಆಯಿತೆಂದ ಮಾತ್ರಕ್ಕೆ ತಪ್ಪು ನಡೆದಿದೆ ಎಂದಲ್ಲ...

"ಈಗ ನಿನ್ ವಾದ ಏನೋ?"

"ಗೊತ್ತಿಲ್ಲ ಮೇಡಂ. ಆದ್ರೂ ಅನ್ಯಾಯ."

"ಸಂಕಟ ನಂಗೂ ಐತೆ. ಸಾಕ್ಷಿ ಇಲ್ದೆ ಅದನ್ನ ಯಾರ್ ತಲೆಗೂ ಕಟ್ಬೇಡ." ಆಮೇಲೆ ಪಕ್ಕದಾಕೆಯತ್ತ ತಿರುಗಿ, "ನಿಮ್ಗೂ ಸೇರ್ಸೇ ಹೇಳಿದ್ದು, ಅಕ್ಕ," ಎಂದು ಇನ್ನೊಮ್ಮೆ ಗಂಟೆ ಒತ್ತಿದರು.

ಡಾಕ್ಟರನ್ನು ಅವರೇನೂ ಸುಮ್ಮನೆ ಬಿಡಲಿಲ್ಲ. ಹೋದಾಗಲೆಲ್ಲ ಏಕೆ, ಹೇಗೆ, ಇನ್ನೇನು ದಾರಿ ಎಂದು ಕೇಳಿ ಕೇಳಿ ಉತ್ತರ ಪಡೆದರು. ದನಿ ಬರಲಿಲ್ಲ. ಆದರೂ ಶಾಲೆಗೆ ಬಂದರು. ಅವರ ಪಿಸುಮಾತು ಕೇಳಲು ನಮ್ಮಂಥ ಗಲಾಟೆ ತರಗತಿಯೂ ಉಸಿರು ಬಿಗಿಹಿಡಿಯುತ್ತಿತ್ತು.

ಹೋದ ವರ್ಷ ಮೇಡಂ ತೀರಿಕೊಂಡರು.

"ಯಾಕ್ಲಾ ಸುಮ್ನಾದೆ?" ಎಂದ ಹೋಟೆಲಿನಲ್ಲಿ ಎದುರು ಕೂತಿದ್ದ ಗೆಳೆಯ. ಮೊದಲು ಅವನ ವಾದವನ್ನೇ ಹೇಳಿದೆ. ತಲೆದೂಗಿದ. ಅಷ್ಟರಲ್ಲಿ ಮೇಡಂ ಅವರ ಮೊದಲಿನ ಕಂಠವನ್ನು ನೆನಪಿಸಿಕೊಳ್ಳಲು ನೋಡಿದೆ. ಮಾತೆಲ್ಲ ನೆನಪಿದೆ, ಒಂದೂ ಬಿಡದೆ... ಎಲ್ಲವೂ ಪಿಸುದನಿಯಲ್ಲೇ ಕೇಳಿಸುತ್ತವೆ. ಮಗ್ಗವನ್ನು ಮೀರಿಸುತ್ತಿದ್ದ ಆ ದನಿ ಎಷ್ಟು ಹುಡುಕಿದರೂ ಸಿಗಲಿಲ್ಲ.