ಬೆಳಗಿನ ಡಿಗ್ರಿ, ಮಧ್ಯಾಹ್ನದ ಡಿಗ್ರಿ

ಬೆಳಗಿನ ಐದೂವರೆಗೆ ಇಪ್ಪತ್ತೆರಡು ಡಿಗ್ರಿ. ನಂಜನಗೂಡಿನ ನಮ್ಮ ಮನೆಯ ತಾರಸಿಯಲ್ಲಿ ರಗ್ಗು ಹೊದ್ದುಕೊಂಡೇ ಅಮ್ಮ ಮೊಬೈಲಿನಲ್ಲಿ ಕಂಡ ಆ ಅಂಕಿಯನ್ನು ಮಂಗಳೂರಿಗೆ ಕಳಿಸುತ್ತಿದ್ದಳು. ಅಲ್ಲಿಂದ ಉತ್ತರ ಬರುತ್ತಿದ್ದುದು ಮಧ್ಯಾಹ್ನವೇ: ಇಲ್ಲಿ ಮೂವತ್ನಾಲ್ಕು, ನಿಮ್ಮಲ್ಲಿ ಮೂವತ್ತೆಂಟು. ಕಳಿಸುತ್ತಿದ್ದವರು ಅಕ್ಕನ ಅತ್ತೆ.

ವಿಷಯ ಹವಾಮಾನದ್ದಲ್ಲ. ಅಕ್ಕನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಅಮ್ಮನ ಹಟ. ಇಂಥ ಬೇಸಿಗೆಯಲ್ಲಿ ಬಸುರಿಯನ್ನು ಉರಿಯುವ ಊರಿಗೆ ಹೇಗೆ ಕಳಿಸುವುದು ಎಂಬುದು ಬೀಗಿತ್ತಿಯ ಆತಂಕ. ನೇರವಾಗಿ ಹೇಳಿದರೆ ಮನಸ್ತಾಪವಾದೀತೆಂದು ಇಬ್ಬರೂ ಡಿಗ್ರಿಗಳಲ್ಲಿ ಮಾತಾಡುತ್ತಿದ್ದರು. ಸುಳ್ಳನ್ನಂತೂ ಯಾರೂ ಹೇಳಲಿಲ್ಲ. ತಮಗೆ ಅನುಕೂಲವಾದ ಹೊತ್ತು ನೋಡಿ ನಿಜ ಹೇಳುತ್ತಿದ್ದರು, ಅಷ್ಟೆ.

ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವವಳು. ಸಮುದ್ರ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ; ನೆಲಕ್ಕೆ ಆ ತಾಳ್ಮೆಯಿಲ್ಲ. ಹಾಗಾಗಿ ಕಡಲಿನಿಂದ ದೂರ ಸರಿದಷ್ಟೂ ಬೇಸಿಗೆಯ ಹಗಲಿಗೂ ರಾತ್ರಿಗೂ ಅಂತರ ಹೆಚ್ಚು. ನಮ್ಮೂರು ಎತ್ತರದಲ್ಲಿರುವುದೂ ರಾತ್ರಿಯ ತಂಪಿಗೆ ಒಂದಿಷ್ಟು ಕಾರಣ. ಬೋರ್ಡಿನ ಮೇಲೆ ಕರಾವಳಿಯಿಂದ ಒಳನಾಡಿಗೆ ಗೆರೆ ಎಳೆದು ಇದನ್ನೆಲ್ಲ ವಿವರಿಸುವ ನಾನು, ಆ ಗೆರೆಯ ಎರಡು ತುದಿಗಳು ನಮ್ಮ ಮನೆಯಲ್ಲೇ ಜಗ್ಗಾಡುವಾಗ ಬಾಯಿ ಬಿಡಲಿಲ್ಲ. ಅಕ್ಕ ಬರಲಿ ಎಂಬ ಆಸೆ ನನಗೂ ಇತ್ತು, ಅದನ್ನೂ ಹೇಳಲಿಲ್ಲ. ಒಳನಾಡಿನಲ್ಲಿ ಹುಟ್ಟಿದರೂ ನನ್ನದು ಕರಾವಳಿಯ ಹವೆ: ಬೇಗ ಕಾಯುವುದಿಲ್ಲ, ಕಾದದ್ದು ಬೇಗ ಆರುವುದೂ ಇಲ್ಲ. ಅಮ್ಮ ಹಾಗಲ್ಲ. ಮಧ್ಯಾಹ್ನ ಸಿಡಿದದ್ದು ರಾತ್ರಿಯ ಊಟಕ್ಕೆ ಕೂರುವಷ್ಟರಲ್ಲಿ ಅವಳಿಗೇ ಮರೆತಿರುತ್ತದೆ.

ಕೊನೆಗೆ ತೀರ್ಮಾನ ಮಾಡಿದ್ದು ಡಾಕ್ಟರು. ಒಂದು ಸಂಜೆ ಅಕ್ಕ ಫೋನ್ ಮಾಡಿದಳು.

"ಘಾಟಿ ರಸ್ತೇಲಿ ಅಷ್ಟು ದೂರ ಬೇಡ ಅಂದ್ಬುಟ್ರು ಕಣೇ. ಅಮ್ಮನ್ನೇ ಕಳ್ಸು."

ಸ್ಪೀಕರಿನಲ್ಲಿ ಕೇಳುತ್ತ ಪಕ್ಕದಲ್ಲೇ ಇದ್ದ ಅಮ್ಮ ಕೆರಳಿದಳು. "ಬೀಗ್ರ ಮನೇಲಿ ಓಗಿ ತಿಂಗ್ಳುಗಟ್ಲೆ ಕೂತ್ಕಳಕ್ಕಾದದಾ? ನಾಚ್ಕೆ ಆಗಲ್ವಾ?"

ಆಗ ಫೋನು ಬೀಗಿತ್ತಿಯ ಕೈಗೆ ಹೋಯಿತು. "ನೀವು ಬನ್ನಿ. ಮಗು ಬರುವಾಗ ಅಜ್ಜಿಯಂದಿರು ಇಬ್ಬರೂ ಇರುವ. ಆದ್ರೆ ರಾತ್ರಿ ಸೆಖೆ ಉಂಟು, ಈಗಲೇ ಹೇಳ್ತೇನೆ."

ಅಮ್ಮ ಫೋನಿನ ಹತ್ತಿರಕ್ಕೆ ಬಾಗಿದಳು. ಆಮೇಲೆ, "ನಮ್ಮೂರ್ಲೂ ಮದ್ಯಾನ ಉರಿನೇ ಕಣ್ರವ್ವ, ಮುಚ್ಚಿಡದೇನು," ಅಂದಳು.

ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಅರ್ಧರ್ಧ ದಿನವನ್ನು ಇಬ್ಬರೂ ಒಪ್ಪಿಸಿದಂತಾಯಿತು. ನನ್ನ ಗೆರೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿರಲಿಲ್ಲ.

ಹೊರಡುವುದಕ್ಕೆ ಇನ್ನೂ ಎರಡು ವಾರವಿದ್ದರೂ ಅಮ್ಮ ಆ ರಾತ್ರಿಯೇ ಬ್ಯಾಗು ತುಂಬಿದಳು. ಮಾರನೆಯ ಬೆಳಿಗ್ಗೆ ನೋಡಿದರೆ ಎಲ್ಲಕ್ಕಿಂತ ಮೇಲೆ ಆ ರಗ್ಗು. ಪಾಠ ಹೇಳಲು ಹೋಗಲಿಲ್ಲ. ಅದನ್ನು ತೆಗೆದು, ಆ ಜಾಗದಲ್ಲಿ ಅವಳವೇ ಎರಡು ಹಳೆಯ ಹತ್ತಿ ಸೀರೆ ಮಡಚಿಟ್ಟೆ, ಒಂದು ಅವಳಿಗೆ ಉಡಲು, ಇನ್ನೊಂದು ಮಗುವಿಗೆ ಹಾಸಲು.