ಮಾವನ ಹೆಸರಿನ ಕೋಟೆ

ನಾರಿನ್ ಪಟ್ಟಣದ ಕಾಲೇಜಿಗೆ ಬೇಸಿಗೆಯಲ್ಲಿ ಯಾರೇ ಅತಿಥಿಗಳು ಬರಲಿ, ಇತಿಹಾಸ ವಿಭಾಗದ ಸಗಿನ್ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು, "ಜಿಪಾರ್ ಎಲ್ಲಿ?" ಎಂದು. ಅವಳು ಅವರ ಶಿಷ್ಯೆ. ಓದು ಮುಗಿಸಿ ಅಲ್ಲೇ ಕಿರಿಯ ಉಪಾಧ್ಯಾಯಿನಿಯಾಗಿ ಸೇರಿಕೊಂಡಿದ್ದಳು. ಬಂದವರನ್ನು ಕಣಿವೆಯಾಚೆಯ ಮಣ್ಣಿನ ಕೋಟೆಗೆ, ಹಳೆಯ ವರ್ತಕರು ಒಂಟೆ ಕಟ್ಟುತ್ತಿದ್ದ ಸರಾಯಿ ಎಂಬ ಕಲ್ಲಿನ ಛತ್ರಕ್ಕೆ, ಮೇಲಿನ ಸರೋವರಕ್ಕೆ ಕರೆದುಕೊಂಡು ಹೋಗಿ ತೋರಿಸುವುದು ಅವಳ ಕೆಲಸ. ಕುಸಿದುಬಿದ್ದ ಮಣ್ಣಿನ ಗೋಡೆ ತೋರಿಸಿ, ಅಲ್ಲಿ ಕಾವಲಿದ್ದವನು ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದದ್ದು ಕಾಣುವ ಹಾಗೆ ಮಾತಾಡುವ ಹುಡುಗಿ ಅವಳು.

ಆ ಅತಿಥಿಗಳನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದವನು ಮಿರ್ಲಾನ್. ಮಿಕ್ಕ ಡ್ರೈವರುಗಳು ಸೀಟು ಹಿಂದಕ್ಕೆ ಮಾಡಿಕೊಂಡು ಮಲಗಿದರೆ ಇವನು ಗುಂಪಿನ ಹಿಂದೆ ಬಂದು ನಿಲ್ಲುತ್ತಿದ್ದ.

"ಅದೇ ಕಥೆ ಎಷ್ಟು ಸಲ ಕೇಳ್ತೀಯ ಮಾರಾಯ?" ಎಂದು ಜಿಪಾರ್ ಒಮ್ಮೆ ಕೇಳಿದ್ದಳು.

"ಕಥೆ ಯಾರು ಕೇಳ್ತಾರೆ?" ಎಂದಿದ್ದ ಅವನು.

ಅವರ ಮದುವೆಯಾಯಿತು. ರಾಜಧಾನಿಯಲ್ಲಿ ಮುಂದಿನ ಓದಿಗೆ ಸಗಿನ್ ಮೇಷ್ಟ್ರು ಮಾಡಿಸಿಟ್ಟಿದ್ದ ಏರ್ಪಾಟನ್ನು ಅವಳು ಒಂದು ವರ್ಷದ ಮಟ್ಟಿಗೆ ಎಂದು ಮುಂದೂಡಿದಳು. ಮಿರ್ಲಾನ್ ಮನೆಗೆ ಕಿರಿಯ ಮಗ. ಕಿರಿಯ ಮಗನ ಹೆಂಡತಿ ಅತ್ತೆಯ ಮನೆಯಲ್ಲೇ ಇರಬೇಕು. ಆ ಮನೆ ಇದ್ದದ್ದು ಕಣಿವೆಯಾಚೆ, ಕೋಟೆಯ ದಾರಿಯಲ್ಲಿ, ಚೆತ್‌ಬುಲಾಕ್ ಎಂಬ ಹಳ್ಳಿಯಲ್ಲಿ.

ಮದುವೆಯ ಮಾರನೆಯ ಬೆಳಗ್ಗೆ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಚಹಾ ಬಗ್ಗಿಸುತ್ತಿದ್ದಾಗ, ಹಿರಿಯ ಓರಗಿತ್ತಿ ಬಾತ್ಮಾ ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ನಮ್ಮನೆ ಹಿರಿಯರ ಹೆಸರು, ಆ ಹೆಸರಲ್ಲಿ ಬರೋ ಮಾತು ಕೂಡ, ನಿನ್ನ ಬಾಯಲ್ಲಿ ಬರಬಾರದು. ಗೊತ್ತಲ್ಲ?"

"ಗೊತ್ತು ಅಕ್ಕಾ. ನಮ್ಮಮ್ಮನೂ ಹೇಳ್ತಿರಲಿಲ್ಲ."

"ಹಂಗಾದ್ರೆ ಸರಿ. ತೀರಿಹೋದ ಮಾವನವರ ಹೆಸರು ತೊಕ್ತೋರ್. ಇದೊಂದ್ಸಲ ನಿನ್ನ ಕಿವಿಗೆ ಅಂತ ಹೇಳ್ದೆ, ದೇವರು ಕ್ಷಮಿಸಲಿ. ಚಿಕ್ಕಮಾವ ಕೋಲ್‌ಬಾಯ್. ನನ್ನ ಯಜಮಾನರದು, ಅದೇ, ನಿನ್ನ ದೊಡ್ಡ ಭಾವನವರದು, ನಿಂಗೇ ಗೊತ್ತು."

ದೊಡ್ಡ ಭಾವನ ಹೆಸರು ತಾಶ್ತಾನ್. ಜಿಪಾರ್ ಕೈಯಲ್ಲಿದ್ದ ಬಟ್ಟಲು ಹಾಗೇ ನಿಂತಿತು. ಅವರ ಮಾತಿನಲ್ಲಿ ತಾಶ್ ಎಂದರೆ ಕಲ್ಲು. ಕೋಲ್ ಎಂದರೆ ಸರೋವರ. ಇನ್ನು ಮಣ್ಣಿನ ಕೋಟೆಯ ಹೆಸರು ತೊಕ್ತೋರ್ ಕೋಟೆ. ಅದನ್ನು ಕಟ್ಟಿಸಿದ ಯಾವುದೋ ಕಾಲದ ಪಾಳೆಯಗಾರನ ಹೆಸರನ್ನು ಮಾವನ ತಂದೆ ಮಗುವಿಗೆ ಇಟ್ಟಿದ್ದ.

ಅವಳ ಮುಖ ನೋಡಿ ಬಾತ್ಮಾಳಿಗೂ ಹೊಳೆಯಿತು. ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ ಹುಡುಗೀ! ನೋಡೋ ಜಾಗನೆಲ್ಲ ನಮ್ಮ ಗಂಡಸರೇ ಹಿಡ್ಕೊಂಡ್ಬಿಟ್ಟಿದಾರಲ್ಲ! ಇನ್ನು ಜನಕ್ಕೆ ಏನಂತ ತೋರಿಸ್ತೀಯ?"

ಜಿಪಾರ್ ಕೂಡ ನಕ್ಕಳು. ಆಗ ಅದು ನಗುವ ವಿಷಯವಾಗಿಯೇ ಕಂಡಿತ್ತು.

ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ತೊಂದರೆ ಶುರುವಾದದ್ದು ಅತ್ತೆ ಊಲ್ಕಾನ್ ವ್ಯಾನಿನ ಮುಂದಿನ ಸೀಟಿನಲ್ಲಿ ಬಂದು ಕೂತಾಗ. ಗಂಡನ ಸಮಾಧಿ ಕೋಟೆಯ ಹತ್ತಿರದ ದಿಣ್ಣೆಯಲ್ಲಿತ್ತು. ಕೋಟೆಯ ಸುತ್ತ ಕಾಡು ಈರುಳ್ಳಿ ಬೆಳೆಯುತ್ತಿತ್ತು. ಮಗನೇ ವ್ಯಾನು ಓಡಿಸುವಾಗ ತಾನೇಕೆ ಮನೆಯಲ್ಲಿರಬೇಕು ಎಂಬುದು ಆಕೆಯ ವಾದ. ಸಮಾಧಿಗೆ ಹೋಗಿ ಬಂದು, ಮಡಿಲ ತುಂಬ ಸೊಪ್ಪು ಕಿತ್ತು, ಕುಸಿದ ಗೋಡೆಯ ಮೇಲೆ ಕೂತು ಬಿಡಿಸುತ್ತಾ ಸೊಸೆಯ ಮಾತು ಕೇಳಿಸಿಕೊಳ್ಳುತ್ತಿದ್ದಳು. ಗದರಿದವಳಲ್ಲ, ಹುಬ್ಬು ಗಂಟಿಕ್ಕಿದವಳೂ ಅಲ್ಲ. ಸುಮ್ಮನೆ ಕೂತಿರುತ್ತಿದ್ದಳು, ಅಷ್ಟೇ.

ಜಿಪಾರ್ ಕೋಟೆಯನ್ನು "ಹಿರಿಯರ ಕೋಟೆ" ಎಂದಳು. ಸರೋವರವನ್ನು "ಮೇಲಿನ ತುಂಬಿದ ನೀರು" ಎಂದಳು. ಕಲ್ಲಿನ ಸರಾಯಿಯ ಮುಂದೆ ನಿಂತು, "ಇದನ್ನು ಪೂರ್ತಿ ಗಟ್ಟಿಯದರಿಂದಲೇ ಕಟ್ಟಿದ್ದಾರೆ" ಎಂದಾಗ ಜೊತೆಗೆ ಬಂದಿದ್ದ ಕಾಲೇಜಿನ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಚಿವುಟಿಕೊಂಡು ನಗು ತಡೆದರು.

"ಯಾವ ಹಿರಿಯರು?" ಎಂದು ಅತಿಥಿಯೊಬ್ಬ ಕೇಳಿದ.

"ನಮ್ಮ ಹಿರಿಯರು," ಎಂದಳು, ಅತ್ತೆಯ ಕಡೆ ನೋಡದೆ.

ಆ ಮನುಷ್ಯ ತನ್ನೂರಿಗೆ ಹೋಗಿ ಪತ್ರಿಕೆಯೊಂದರಲ್ಲಿ, ಈ ಕೋಟೆ ನಮ್ಮ ಮಾರ್ಗದರ್ಶಿಯ ಮನೆತನದ ಆಸ್ತಿ ಎಂದು ಬರೆದುಬಿಟ್ಟ. ಸಗಿನ್ ಮೇಷ್ಟ್ರು ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ಜಿಪಾರ್, ಹಿಂಗೆ ಎಷ್ಟು ದಿನ?" ಎಂದರು. "ಇಲ್ಲೇ ಊರಿಗೆ ಬಂದ್ಬಿಡಿ ಇಬ್ಬರೂ. ಕಾಲೇಜಿನ ವಸತಿಯಲ್ಲಿ ಕೋಣೆ ಕೊಡಿಸ್ತೀನಿ. ನಿನಗೆ ಕಾಯಂ ಕೆಲಸ. ಅತ್ತೆ ಮುಂದೆ ಹೇಳೋಕಾಗದಿದ್ರೆ ಬೇಡ, ಅವರಿಲ್ಲದ ಕಡೆ ಬಾಯಿ ಬಿಡು."

ಅವತ್ತು ಸಂಜೆ ಮಿರ್ಲಾನ್‌ಗೆ ಹೇಳಿದಳು. ಅವನು ಬೇಡ ಎನ್ನಲಿಲ್ಲ. "ನೋಡೋಣ," ಎಂದ.

ಆದರೆ ಅತ್ತೆ ಇಲ್ಲದ ಕಡೆಯೂ ಕೋಟೆಯ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅದನ್ನು ಅವಳು ಮೇಷ್ಟ್ರಿಗೆ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿನ ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಪ್ಪುಹಲಗೆಯ ಮುಂದೆ ನಿಂತು ಆ ಹೆಸರು ಹೇಳಿನೋಡಿದಳು. ನಾಲಿಗೆ ಹಲ್ಲಿನ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. ಇನ್ನೊಮ್ಮೆ ನೋಡಿದಳು. ಕಿಟಕಿಯಾಚೆ ನದಿಯ ಸದ್ದು, ಆಟದ ಬಯಲಲ್ಲಿ ಹುಡುಗರ ಕೂಗು. ಇಲ್ಲಿ ಅವಳನ್ನು ತಡೆಯುವವರು ಯಾರೂ ಇರಲಿಲ್ಲ, ಆದರೂ ಬರಲಿಲ್ಲ. ಬೆವರಿಬಿಟ್ಟಳು. ಹಿಂದೆ ಇದೇ ಕೋಣೆಯಲ್ಲಿ, ಇದೇ ಬಾಯಲ್ಲಿ ಆ ಹೆಸರನ್ನು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಳು. ಯಾರೋ ತನ್ನೊಳಗೇ ಬಂದು ಮನೆ ಮಾಡಿಕೊಂಡು, ಒಳಗಿಂದ ಅಗುಳಿ ಹಾಕಿಕೊಂಡಂತೆ ಅನಿಸಿತು.

ಜೂನ್ ತಿಂಗಳಲ್ಲಿ ಒಂದು ಗುಂಪು ಬಂತು. ಕೋಟೆ ನೋಡಿದ ಮೇಲೆ ಅವರಿಗೆ ಮೇಲಿನ ಕಮರಿಯ ಚಿಲುಮೆಯನ್ನೂ ನೋಡಬೇಕಿತ್ತು. ಊಲ್ಕಾನ್ ಸಮಾಧಿಯಿಂದ ಆಗಷ್ಟೇ ಬಂದಿದ್ದಳು, ಸೊಪ್ಪು ಇನ್ನೂ ಕಿತ್ತಿರಲಿಲ್ಲ.

"ನೀವೆಲ್ಲ ಹೋಗಿ ಬನ್ನಿ. ಕೆಲಿನ್ ನನ್ನ ಜೊತೆ ಇರಲಿ," ಎಂದಳು. ಕೆಲಿನ್ ಎಂದರೆ ಸೊಸೆ; ಆಕೆ ಜಿಪಾರ್‌ಳನ್ನು ಕರೆಯುತ್ತಿದ್ದದ್ದೇ ಹಾಗೆ. ವ್ಯಾನು ಧೂಳೆಬ್ಬಿಸಿಕೊಂಡು ಹೋಯಿತು. ಕಮರಿಯೊಳಗೆ ಫೋನು ಹಿಡಿಯುವುದಿಲ್ಲ.

ಕೋಟೆಯ ಒಳಮೂಲೆಯಲ್ಲಿ ಎಳೆಯ ಸೊಪ್ಪು ಜಾಸ್ತಿ. ಹಿಂದಿನ ದಿನಗಳ ಮಳೆಗೆ ಅಲ್ಲಿನ ನೆಲ ನೆನೆದಿತ್ತು. ಊಲ್ಕಾನ್ ಬಗ್ಗಿದ್ದಳು, ನೆಲ ಕುಸಿಯಿತು. ಹಳೆಯ ಕಾಲದ ಕಣಜವೋ ಏನೋ, ಆಳಿನೆತ್ತರದ ಗುಂಡಿ. ಅದರೊಳಕ್ಕೆ ಆಕೆ ಜಾರಿದಳು, ಹಿಂದೆಯೇ ಗೋಡೆಯ ಒಂದು ಪಾಲು ಬಂದು ಕಾಲಿನ ಮೇಲೆ ಬಿತ್ತು.

ಜಿಪಾರ್ ಓಡಿಬಂದು ಅಂಚಿನಲ್ಲಿ ಮಲಗಿ ಕೈ ಚಾಚಿದಳು. ಎಳೆದಷ್ಟೂ ಅಂಚಿನ ಮಣ್ಣು ಉದುರಿ ಅತ್ತೆಯ ಮೇಲೇ ಬೀಳುತ್ತಿತ್ತು.

"ಸಾಕು, ಬಿಡು, ನನ್ನ ಹೂತೇ ಬಿಡ್ತೀಯ!" ಎಂದಳು ಊಲ್ಕಾನ್. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

ಆಗಲೇ ಶಿಖರದ ಕಡೆಯಿಂದ ಕಪ್ಪು ಮೋಡ ಇಳಿದು ಆಲಿಕಲ್ಲು ಶುರುವಾಯಿತು. ಗುಂಡಿಯ ಒಂದು ಬದಿಯಿಂದ ಕೆಸರುನೀರು ಸಣ್ಣಗೆ ಒಳಗಿಳಿಯತೊಡಗಿತು. ಜಿಪಾರ್ ತುರ್ತು ಸಹಾಯಕ್ಕೆ ಫೋನು ಮಾಡಿದಳು. ಆ ಕಡೆಯ ದನಿ ಎಳೆಯ ಹುಡುಗನದು. ಮಾತು ಮುರಿದು ಮುರಿದು ಕೇಳಿಸುತ್ತಿತ್ತು.

"ಎಲ್ಲಿದೀರಿ?"

"ಕೋಟೆಯಲ್ಲಿ. ಅತ್ತೆ ಗುಂಡಿಗೆ ಬಿದ್ದಿದಾರೆ, ಕಾಲು ಸಿಕ್ಕಿಹಾಕ್ಕೊಂಡಿದೆ, ನೀರು ಬರ್ತಿದೆ, ಬೇಗ ಬನ್ನಿ!"

"ಯಾವ ಕೋಟೆ ಅಕ್ಕಾ? ಈ ಕಡೆ ಎರಡಿವೆ."

"ಅದೇ, ಹಿರಿಯರ ಕೋಟೆ."

"ಯಾವ ಹಿರಿಯರು? ಹಿರಿಯರು ನಮ್ಮನೇಲೂ ಇದಾರಲ್ಲಕ್ಕಾ! ಹೆಸರು ಹೇಳಿ, ಹೆಸರು!"

"ಚೆತ್‌ಬುಲಾಕ್ ದಾಟಿ..." ಎಂದಳು. ಗಾಳಿ ಆ ಮಾತನ್ನು ನುಂಗಿಹಾಕಿತು. "ಏನು? ಕೇಳಿಸ್ತಿಲ್ಲ! ಕೋಟೆ ಹೆಸರು!"

ಕೆಳಗಿನಿಂದ ಊಲ್ಕಾನ್ ಮೇಲೆ ನೋಡುತ್ತಿದ್ದಳು. ನೀರು ಆಕೆಯ ಸೊಂಟಕ್ಕೆ ಬರುತ್ತಿತ್ತು. ಸೊಸೆಯ ಬಾಯಿ ಯಾಕೆ ಕಟ್ಟಿತು ಎಂದು ಆಕೆಗೆ ಗೊತ್ತು.

"ಬೇಡ," ಎಂದಳು. "ಹೇಳ್ಬೇಡ. ಮಿರ್ಲಾನ್ ಬರ್ತಾನೆ. ನಿನ್ನ ಹೊಟ್ಟೇಲಿ ನಾಳೆ ಹುಟ್ಟೋ ಮಕ್ಕಳಿಗೆ ಶಾಪ ತಟ್ಟುತ್ತೆ."

"ಹಲೋ? ಅಕ್ಕಾ, ಇದೀರಾ?"

ಜಿಪಾರ್ ಕಣ್ಣು ಮುಚ್ಚಿದಳು. ಗಂಟಲಿನಿಂದ ಮೊದಲು ಬಂದದ್ದು ಮಾತಲ್ಲ, ಕೆಮ್ಮಿನಂಥ ಒಂದು ಸದ್ದು. ಆಮೇಲೆ ಕಿರುಚಿದಳು. "ತೊಕ್ತೋರ್! ತೊಕ್ತೋರ್ ಕೋಟೆ! ತೊಕ್ತೋರ್!" ಒಂದು ಸಲ ಸಾಕಾಗಿತ್ತು. ನಿಲ್ಲಿಸಲಾಗಲಿಲ್ಲ. ಫೋನು ಆರಿದ ಮೇಲೂ ಕೂಗಿದಳು. ಕೂಗು ಗೋಡೆಗಳಿಗೆ ತಾಗಿ ವಾಪಸು ಬಂತು.

ಕಣ್ಣು ಬಿಟ್ಟಾಗ ಅತ್ತೆ ತಲೆ ತಗ್ಗಿಸಿಕೊಂಡಿದ್ದಳು. ಬೈಯಲಿಲ್ಲ. ಜಿಪಾರ್ ತನ್ನ ಕೋಟು ಬಿಚ್ಚಿ ಕೆಳಗೆ ಬಿಟ್ಟಳು. ಆಮೇಲೆ ತಾನೂ ಜಾರಿಕೊಂಡು ಗುಂಡಿಗೆ ಇಳಿದು, ಕೈಯಿಂದ ಕೆಸರು ತೋಡಿ ಎಸೆಯುತ್ತಾ ನಿಂತಳು. ಸಹಾಯದವರು ಹಳ್ಳಿಯ ಟ್ರ್ಯಾಕ್ಟರನ್ನೂ ತಂದು ಇಬ್ಬರನ್ನೂ ಮೇಲಕ್ಕೆ ಎಳೆದುಕೊಂಡರು.

ನಾರಿನ್ ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಮೂಳೆ ಎರಡು ಕಡೆ ಮುರಿದಿತ್ತು. ಅಲ್ಲಿನ ಪಡಸಾಲೆಯ ಬೆಂಚಿನ ಮೇಲೆ ಕೂತು ಜಿಪಾರ್ ನಿರ್ಧಾರ ಮಾಡಿಕೊಂಡಳು. ಆದದ್ದಾಯಿತು. ಮನೆಯವರು ಹೇಗೂ ತನ್ನನ್ನು ಸುಮ್ಮನೆ ಬಿಡುವುದಿಲ್ಲ. ಅವರು ಬೈಯಲಿ, ತಾನು ಹೊರಟುಬಿಡುತ್ತೇನೆ. ಮೇಷ್ಟ್ರಿಗೆ ಹೂಂ ಎನ್ನುತ್ತೇನೆ. ಮಿರ್ಲಾನ್ ಬಂದರೆ ಬರಲಿ. ಹಾಗೆ ಅಂದುಕೊಂಡಾಗ ಎಷ್ಟೋ ದಿನದ ಮೇಲೆ ಉಸಿರು ತುಂಬ ಒಳಕ್ಕೆ ಹೋಯಿತು.

ವಿಷಯ ಹಳ್ಳಿಗೆ ತಲುಪಿತ್ತು. ಫೋನಿನಲ್ಲಿದ್ದ ಹುಡುಗ ಟ್ರ್ಯಾಕ್ಟರಿನವನಿಗೆ ತಮಾಷೆಯಾಗಿ ಹೇಳಿದ್ದ, ಟ್ರ್ಯಾಕ್ಟರಿನವನು ಮಿಕ್ಕವರಿಗೆ. ಭಾನುವಾರ ಬಾತ್ಮಾ, ದೊಡ್ಡ ಭಾವ, ಚಿಕ್ಕಮಾವ ಎಲ್ಲ ಆಸ್ಪತ್ರೆಗೆ ಬಂದರು. ಬಾತ್ಮಾ ತಂದಿದ್ದ ಸಾರಿನ ಪಾತ್ರೆಯನ್ನು ಕಿಟಕಿಯಲ್ಲಿಟ್ಟು ತಿರುಗಿದಳು.

"ಮಾವನವರನ್ನ ಕುರಿ ಕರೆದಂಗೆ ಕರೆದೆಯಂತೆ? ಬೆಟ್ಟಕ್ಕೆಲ್ಲ ಕೇಳಿಸ್ತಂತೆ? ಇನ್ನೇನು ಬಾಕಿ, ನಿನ್ನ ಭಾವನವರನ್ನೂ ಹೆಸರಿಡಿದು ಕರಿ, ಇಲ್ಲೇ ಇದಾರಲ್ಲ!"

ಚಿಕ್ಕಮಾವ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡಿದ. ಜಿಪಾರ್ ಕಾದಿದ್ದದ್ದು ಇದಕ್ಕೇ. ಹೌದು ಎನ್ನಲು ಬಾಯಿ ತೆರೆದಳು.

"ಅವಳಲ್ಲ," ಎಂದಳು ಊಲ್ಕಾನ್ ಹಾಸಿಗೆಯಿಂದ. "ಕೂಗಿದ್ದು ನಾನು."

ಎಲ್ಲರ ಮುಖ ಹಾಸಿಗೆಯ ಕಡೆ ತಿರುಗಿತು.

"ಏನು ಹಂಗೆ ನೋಡ್ತೀರಿ? ನೀರು ಎದೆಗೆ ಬಂದಿತ್ತು. ಸಾಯೋ ಹೆಂಗಸು ಗಂಡನ್ನ ಕರೆದ್ರೆ ನಿಮಗೇನಾಯ್ತು? ಆ ಹುಡುಗಿ ಫೋನು ಹಿಡ್ಕೊಂಡಿತ್ತು, ಅಷ್ಟೇ. ಕೆಸರಿಗೆ ಇಳಿದು ನನ್ನ ಎತ್ತಿ ಹಿಡಿದಿದ್ದು ಅವಳು. ಬಾತ್ಮಾ, ಆ ಸಾರು ಬಿಸಿ ಇದ್ರೆ ಕೊಡು, ಇಲ್ಲದಿದ್ರೆ ತಗೊಂಡ್ಹೋಗು."

ಬಾತ್ಮಾ ಸಾರು ಬಗ್ಗಿಸಿದಳು. ಮಿರ್ಲಾನ್ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ನಕ್ಕ, ದೊಡ್ಡ ಗಂಡಾಂತರ ಕಳೆಯಿತು ಎಂಬಂತೆ. ಜಿಪಾರ್ ನಗಲಿಲ್ಲ. ಅತ್ತೆ ಬೈದಿದ್ದರೆ ಅವಳು ಹೊರಟುಬಿಡುತ್ತಿದ್ದಳು. ಈಗ ಯಾವ ಬಾಯಿಂದ ಹೋಗುತ್ತೇನೆ ಎನ್ನುವುದು?

ಬೇಸಿಗೆಯೆಲ್ಲ ಅವಳು ಚೆತ್‌ಬುಲಾಕಿನ ಮನೆಯಲ್ಲೇ ಕಳೆದಳು. ಅತ್ತೆಯನ್ನು ಎತ್ತಿ ಕೂರಿಸಬೇಕು, ತಲೆ ಬಾಚಬೇಕು, ಹಸು ಕರೆಯಬೇಕು. ಮಿರ್ಲಾನ್ ಪ್ರತಿದಿನ ವ್ಯಾನು ತೊಳೆದು ಹೋಗುತ್ತಿದ್ದ. ಮೇಷ್ಟ್ರು ತಾವೇ ಒಂದು ದಿನ ಬಂದು, ಬಟ್ಟಲು ಬಟ್ಟಲು ಚಹಾ ಕುಡಿದು, ಅತ್ತೆಯ ಆರೋಗ್ಯ ವಿಚಾರಿಸಿದರು. ಹೊರಡುವಾಗ ಗೇಟಿನ ಹತ್ತಿರ, "ಆ ಜಾಗ ಇನ್ನೂ ಖಾಲಿ ಇದೆ," ಎಂದರು.

"ಬೇರೆಯವರನ್ನ ನೋಡಿ ಸರ್," ಎಂದಳು ಜಿಪಾರ್.

"ಯೋಚನೆ ಮಾಡಿ ಹೇಳು."

"ಮಾಡಿಯೇ ಹೇಳ್ತಿದೀನಿ."

ಸೇಬು ಹಣ್ಣಾಗುವ ಹೊತ್ತಿಗೆ ಊಲ್ಕಾನ್ ಅವಳ ಹೆಗಲು ಹಿಡಿದು ಅಂಗಳದಲ್ಲಿ ನಡೆಯತೊಡಗಿದಳು. ಬಾವಿಯ ತನಕ ಹೋಗಿ ದಣಿದು ನಿಂತಾಗ ಜಿಪಾರ್ ಕೇಳಿಯೇಬಿಟ್ಟಳು.

"ಅವತ್ತು ಯಾಕೆ ಸುಳ್ಳು ಹೇಳಿದ್ರಿ, ಅಮ್ಮಾ? ನಾನು ಹೋಗಿಬಿಡ್ತೀನಿ ಅಂತಲಾ?"

ಊಲ್ಕಾನ್ ಮುರಿದ ಕಾಲನ್ನು ನಿಧಾನವಾಗಿ ಮುಂದಿಟ್ಟಳು. "ನೀನು ಹೋಗ್ತೀಯ ಅನ್ನೋದು ನಿನ್ನ ಮುಖದಲ್ಲೇ ಇತ್ತು. ಇಲ್ಲ ಅನ್ನಲ್ಲ." ಬಾವಿಯ ಕಟ್ಟೆಗೆ ಒರಗಿಕೊಂಡಳು. "ಆದ್ರೆ ಅದಕ್ಕೇ ಅಂತಲೂ ಅಲ್ಲ. ನೀನು ಕೂಗಿದಾಗ ನಂಗೆ ಹೊಟ್ಟೆಕಿಚ್ಚಾಯ್ತು ಕಣೇ. ಆ ಮನುಷ್ಯನ ಜೊತೆ ಇಡೀ ಆಯುಸ್ಸು ಬಾಳಿದೆ. 'ಏಯ್', 'ಇವರೇ', 'ಮಿರ್ಲಾನ್ ಅಪ್ಪಾ'. ಸಾಯೋವಾಗಲೂ ಪಕ್ಕದಲ್ಲಿ ಕೂತು 'ಏಯ್, ಏಯ್' ಅಂದೆ. ತಿರುಗಿ ನೋಡಲಿಲ್ಲ. ಹೆಸರಿಡಿದು ಕರೆದಿದ್ರೆ ನೋಡ್ತಿದ್ರೇನೋ. ಜನ ಆದ್ರೂ ನಾನು ಕರೆದೆ ಅಂದ್ಕೊಳ್ಳಲಿ ಅನಿಸ್ತು."

"ಈಗ ಕರೀರಿ. ಇಲ್ಲಿ ಯಾರೂ ಇಲ್ಲ."

ಊಲ್ಕಾನ್ ತುಟಿ ಅಲುಗಿತು. ಆಮೇಲೆ ತಲೆಯಾಡಿಸಿದಳು. "ಬರಲ್ಲ. ನಡಿ, ಕಾಲು ನೋಯ್ತಿದೆ."

ಜಿಪಾರ್ ಅವಳ ತೋಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು. ಆ ಖಾಲಿ ಕೋಣೆಯಲ್ಲಿ ತಾನು ಬೆವರಿದ್ದನ್ನು ಹೇಳೋಣ ಎನಿಸಿತು, ಹೇಳಲಿಲ್ಲ. ಈ ಹೆಂಗಸನ್ನು ದ್ವೇಷಿಸಿದ್ದರೆ ಎಷ್ಟು ಹಗುರವಾಗಿರುತ್ತಿತ್ತು.

ಕಾಲೇಜಿನವರು ಆಮೇಲೆ ಸೊಲ್ಪಾನ್ ಎಂಬ ಹುಡುಗಿಯನ್ನು ಆ ಕೆಲಸಕ್ಕೆ ತೆಗೆದುಕೊಂಡರು. ಅವಳಿನ್ನೂ ಮದುವೆಯಾಗಿರಲಿಲ್ಲ. ಕೋಟೆಯ ಕಥೆ ಚೆನ್ನಾಗಿಯೇ ಹೇಳುತ್ತಾಳೆ, ಆದರೆ ಬೇಗ ಮುಗಿಸಿಬಿಡುತ್ತಾಳೆ ಎಂದು ಮಿರ್ಲಾನ್ ಹೇಳಿದ. ಅವನೀಗ ಸೀಟು ಹಿಂದಕ್ಕೆ ಮಾಡಿಕೊಂಡು ಮಲಗುತ್ತಾನಂತೆ. ಹಿಮ ಬೀಳುವ ಮೊದಲು ಜಿಪಾರ್ ಹಳ್ಳಿಯ ಶಾಲೆಗೆ ಇತಿಹಾಸ ಹೇಳಿಕೊಡಲು ಸೇರಿಕೊಂಡಳು. ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಪಾಠದಲ್ಲಿ ಕೋಟೆ ಬಂದ ದಿನ ಅವಳು ನಕಾಶೆಯ ಮೇಲೆ ಬೆರಳಿಟ್ಟು ಮಕ್ಕಳ ಕಡೆ ತಿರುಗಿದಳು.

"ಇದು ಯಾವ ಕೋಟೆ? ಎಲ್ಲರೂ ಹೇಳಿ."

ಮಕ್ಕಳು ಒಟ್ಟಿಗೆ ಆ ಹೆಸರನ್ನು ಕೂಗಿ ಹೇಳಿದವು. "ಇನ್ನೊಂದ್ಸಲ," ಎಂದಳು ಅವಳು, ಕಿಟಕಿಯಾಚೆ ತಮ್ಮ ಮನೆಯ ಹೊಗೆಗೂಡನ್ನು ನೋಡುತ್ತಾ.